ಬಿಳಿ ರಕ್ತಕಣ ಎಲ್ಲಿ ಇಳಿಯಬೇಕು? ಜೀವಕೋಶಗಳ ಅಂಟು ಅಣುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ವಿದ್ಯಾರ್ಥಿಗಳು, ಲ್ಯಾಬ್ ಟೆಕ್ನಿಷಿಯನ್‌ಗಳು, ಆಶಾ ಕಾರ್ಯಕರ್ತೆಯರು ಮತ್ತು ಮಕ್ಕಳ ತಂದೆ-ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇವೆ. ಮೊದಲು ಸುಲಭದವು, ಆಮೇಲೆ ಮನೆ-ಆಸ್ಪತ್ರೆಯವು, ಕೊನೆಗೆ ಪ್ರಯೋಗಾಲಯದವು.

## ಮೊದಲಿಂದ

ರಕ್ತದಲ್ಲಿ ಕಣಗಳು ಸುಮ್ನೆ ಹರಿದು ಹೋಗ್ತಾ ಇರ್ತವೆ, ಅವಕ್ಕೆ ಅಂಟು ಯಾಕೆ ಬೇಕು ಸಾರ್?

ಕೆಂಪು ಕಣಕ್ಕೆ ಬೇಡ, ಅದು ಹರಿಯುತ್ತಲೇ ಕೆಲಸ ಮುಗಿಸುತ್ತದೆ. ಬಿಳಿ ರಕ್ತಕಣದ ಕೆಲಸ ಇರುವುದು ರಕ್ತನಾಳದ ಆಚೆ, ಮಾಂಸಖಂಡದಲ್ಲಿ, ಚರ್ಮದಲ್ಲಿ, ಶ್ವಾಸಕೋಶದಲ್ಲಿ. ಅಲ್ಲಿಗೆ ಹೋಗಬೇಕಾದರೆ ಹರಿವಿನ ಸೆಳೆತವನ್ನು ತಡೆದುಕೊಂಡು ನಾಳದ ಒಳಪದರಕ್ಕೆ ಕಚ್ಚಿಕೊಳ್ಳಬೇಕು. ಆ ಹಿಡಿತ ಕೊಡುವ ಪ್ರೋಟೀನುಗಳೇ ಅಂಟು ಅಣುಗಳು. ಒಂದು ಕಣದ ಮೈಮೇಲೆ, ಇನ್ನೊಂದು ನಾಳದ ಒಳಪದರದ ಮೇಲೆ ಇದ್ದು, ಎರಡೂ ಜೋಡಿಯಾದಾಗ ಮಾತ್ರ ಹಿಡಿತ ಬರುತ್ತದೆ. ಯಾವಾಗಲೂ ಅಂಟಿಕೊಂಡೇ ಇದ್ದರೆ ನಾಳ ಕಟ್ಟಿಕೊಳ್ಳುತ್ತದೆ, ಯಾವಾಗಲೂ ಅಂಟದಿದ್ದರೆ ಸೋಂಕು ಗೆಲ್ಲುತ್ತದೆ. ಆದ್ದರಿಂದ ಈ ವಿಷಯದಲ್ಲಿ ಯಾವ ಪ್ರಶ್ನೆ ಬಂದರೂ ಮೊದಲು ಕೇಳಬೇಕಾದ್ದು ಎರಡೇ: ಯಾವ ಜಾಗದಲ್ಲಿ, ಎಷ್ಟು ಹೊತ್ತಿನಲ್ಲಿ?

ಕಾಲಿಗೆ ಜಾಲಿ ಮುಳ್ಳು ಚುಚ್ಚಿದ್ರೆ, ಅಲ್ಲೇ ಇಳೀಬೇಕು ಅಂತ ಬಿಳಿ ಕಣಕ್ಕೆ ಹೇಗೆ ಗೊತ್ತಾಗುತ್ತೆ?

ಕಣಕ್ಕೆ ಗೊತ್ತಾಗುವ ಮೊದಲು ರಕ್ತನಾಳಕ್ಕೆ ಗೊತ್ತಾಗುತ್ತದೆ. ಮುಳ್ಳು ಹೊಕ್ಕ ಜಾಗದಲ್ಲಿ ಕಾವಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ಎಚ್ಚರಿಕೆ ರಾಸಾಯನಿಕ ಬಿಡುತ್ತವೆ. ಪಕ್ಕದ ಸಣ್ಣ ಅಭಿಧಮನಿಯ ಒಳಪದರದ ಕೋಶಗಳಲ್ಲಿ ಪಿ-ಸೆಲೆಕ್ಟಿನ್ ಎಂಬ ಅಣು ಮೊದಲೇ ತಯಾರಾಗಿ ಪುಟ್ಟ ಚೀಲಗಳಲ್ಲಿ ಕೂತಿರುತ್ತದೆ. ಹಿಸ್ಟಮಿನ್ ತಾಕಿದ ಕೆಲವೇ ನಿಮಿಷಗಳಲ್ಲಿ ಅದು ಕೋಶದ ಮೇಲ್ಮೈಗೆ ಬರುತ್ತದೆ. ಅಷ್ಟರಲ್ಲಿ ಸೂಕ್ಷ್ಮಜೀವಿಗಳನ್ನು ಕಂಡ ಕಾವಲು ಕೋಶಗಳು ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಎಂಬ ಸಂದೇಶ ಪ್ರೋಟೀನುಗಳನ್ನು ಸುರಿಸುತ್ತವೆ. ಅದರಿಂದ ಇ-ಸೆಲೆಕ್ಟಿನ್ ಹೊಸದಾಗಿ ತಯಾರಾಗಬೇಕು. ಹೀಗಾಗಿ ಅದು ಏರಲು ಗಂಟೆ ಎರಡು ಗಂಟೆ ಬೇಕು, ತುದಿ ಮುಟ್ಟುವುದು ನಾಲ್ಕರಿಂದ ಆರನೇ ಗಂಟೆಗೆ.

ಹರಿದು ಬರುವ ನ್ಯೂಟ್ರೋಫಿಲ್ (ಸೋಂಕಿಗೆ ಮೊದಲು ಓಡಿಬರುವ ಬಿಳಿ ಕಣ) ಈ ಸೆಲೆಕ್ಟಿನ್‌ಗಳಿಗೆ ತಗುಲಿ ವೇಗ ಕಳೆದುಕೊಳ್ಳುತ್ತದೆ. ಹೊಲದ ಬದುವಿನಲ್ಲಿ ನಡೆದು ಬಂದರೆ ಉತ್ತರಾಣಿ ಕಾಳು ಪಂಚೆ ಅಂಚಿಗೆ ಹತ್ತುತ್ತದಲ್ಲ, ಹಿಡಿತ ಹೆಚ್ಚುಕಡಿಮೆ ಅಂಥದ್ದೇ: ತಕ್ಷಣ ಹತ್ತುತ್ತದೆ, ಎಳೆದರೆ ಬಿಡುತ್ತದೆ. ಒಂದು ಕೊಂಡಿ ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುವುದರಿಂದ ಕಣ ಉರುಳುತ್ತಾ ಸಾಗುತ್ತದೆ. ಉರುಳುವಾಗ ಒಳಪದರದ ಮೇಲೆ ಇಂಟರ್‌ಲ್ಯೂಕಿನ್-8ರಂಥ ಕೀಮೋಕೈನ್, ಅಂದರೆ ಕಣವನ್ನು ಕರೆಯುವ ಪ್ರೋಟೀನು, ಸಿಕ್ಕರೆ, ಕಣದ ಮೈಮೇಲೆ ಮಡಚಿಕೊಂಡಿದ್ದ ಇಂಟೆಗ್ರಿನ್ ಎಂಬ ಅಂಟು ಅಣುಗಳು ಸೆಕೆಂಡಿನೊಳಗೆ ನೆಟ್ಟಗಾಗಿ ಒಳಪದರದ ಮೇಲಿನ ಐಕ್ಯಾಮ್-1 ಎಂಬ ಜೋಡಿ ಅಣುವನ್ನು ಬಿಗಿಯಾಗಿ ಹಿಡಿಯುತ್ತವೆ. ಕಣ ನಿಂತಿತು. ಆಮೇಲೆ ಚಪ್ಪಟೆಯಾಗಿ, ಒಳಪದರದ ಎರಡು ಕೋಶಗಳ ನಡುವಿನ ಸಂದಿ ಹುಡುಕಿಕೊಂಡು ತೆವಳಿ, ಪೀಕ್ಯಾಮ್-1, ಸಿಡಿ99 ಎಂಬ ಅಣುಗಳ ನೆರವಿನಿಂದ ಆಚೆ ದಾಟುತ್ತದೆ. ಸೆಲೆಕ್ಟಿನ್, ಕೀಮೋಕೈನ್, ಐಕ್ಯಾಮ್-1, ಈ ಮೂರು ಸುಳಿವೂ ಒಂದೇ ಜಾಗದಲ್ಲಿ ಸಿಗಬೇಕು. ಒಂದು ತಪ್ಪಿದರೂ ಕಣ ಹರಿವಿನ ಜೊತೆ ಮುಂದೆ ಹೋಗುತ್ತದೆ.

ಸೆಲೆಕ್ಟಿನ್, ಇಂಟೆಗ್ರಿನ್, ಐಕ್ಯಾಮ್, ವಿಕ್ಯಾಮ್... ಪರೀಕ್ಷೆಗೆ ಇಷ್ಟೂ ನೆನಪಿಟ್ಟುಕೊಳ್ಳೋದು ಹೇಗೆ?

ಜೋಡಿಯಾಗಿ ಓದಿ, ಒಂಟಿಯಾಗಿ ಓದಬೇಡಿ. ಸೆಲೆಕ್ಟಿನ್ ಹಿಡಿಯುವುದು ಸಕ್ಕರೆಯನ್ನು, ಅಂದರೆ ಪಿಎಸ್‌ಜಿಎಲ್-1ರಂಥ ಪ್ರೋಟೀನಿನ ತುದಿಯಲ್ಲಿರುವ ಸಯಾಲಿಲ್ ಲೂಯಿಸ್ ಎಕ್ಸ್ ಗುಂಪನ್ನು. ಇಂಟೆಗ್ರಿನ್ ಹಿಡಿಯುವುದು ಪ್ರೋಟೀನನ್ನು: ಎಲ್‌ಎಫ್‌ಎ-1 ಮತ್ತು ಮ್ಯಾಕ್-1ಕ್ಕೆ ಐಕ್ಯಾಮ್-1, ವಿಎಲ್‌ಎ-4ಕ್ಕೆ ವಿಕ್ಯಾಮ್-1, ಆಲ್ಫಾ-4 ಬೀಟಾ-7ಕ್ಕೆ ಕರುಳಿನ ನಾಳಗಳಲ್ಲಿರುವ ಮ್ಯಾಡ್‌ಕ್ಯಾಮ್-1. ಈ ನಾಲ್ಕು ಸಾಲು ಬಾಯಿಗೆ ಬಂದರೆ ಮುಂದೆ ಔಷಧಗಳ ಪಾಠವೂ ಅರ್ಧ ಮುಗಿದಂತೆ.

ಇದನ್ನೆಲ್ಲ ಕಂಡುಹಿಡಿದೋರು ಯಾರು?

ಹಲವರು. 1983ರಲ್ಲಿ ಗ್ಯಾಲಟಿನ್, ವೈಸ್‌ಮನ್ ಮತ್ತು ಯೂಜೀನ್ ಬುಚರ್ ಅವರು ಲಿಂಫ್ ಗಂಟಿಗೆ ದಾರಿ ತೋರುವ ಎಲ್-ಸೆಲೆಕ್ಟಿನ್ ಅಣುವನ್ನು ಗುರುತಿಸಿದರು. 1984ರಲ್ಲಿ ಎರ್ಕಿ ರೂಸ್ಲಾಟಿ ತಂಡ ಮೂರು ಅಮೈನೋ ಆಮ್ಲದ ಚಿಕ್ಕ ಅಂಟು ಗುರುತನ್ನು ಪತ್ತೆಹಚ್ಚಿತು. 1986ರಲ್ಲಿ ರಿಚರ್ಡ್ ಹೈನ್ಸ್ ಬಳಗದಿಂದ ಇಂಟೆಗ್ರಿನ್ ಎಂಬ ಹೆಸರು ಬಂತು, ಅದೇ ವರ್ಷ ಟಿಮೊಥಿ ಸ್ಪ್ರಿಂಗರ್ ಅವರ ಪ್ರಯೋಗಾಲಯ ಐಕ್ಯಾಮ್-1ನ್ನು ವಿವರಿಸಿತು. ಹೈನ್ಸ್, ರೂಸ್ಲಾಟಿ, ಸ್ಪ್ರಿಂಗರ್ ಮೂವರಿಗೂ 2022ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಸಿಕ್ಕಿತು.

ನೆಗಡಿ ವೈರಸ್ಸೂ ಇದೇ ಅಣು ಹಿಡ್ಕೊಂಡು ಒಳಗೆ ಬರುತ್ತಂತೆ, ನಿಜಾನಾ?

ನಿಜ. ನೆಗಡಿ ತರುವ ರೈನೋವೈರಸ್‌ಗಳಲ್ಲಿ ದೊಡ್ಡ ಗುಂಪೊಂದು ಮೂಗಿನ ಕೋಶದೊಳಗೆ ಹೋಗಲು ಐಕ್ಯಾಮ್-1ನ್ನೇ ಬಾಗಿಲು ಮಾಡಿಕೊಂಡಿದೆ. ಫಾಲ್ಸಿಪಾರಮ್ ಮಲೇರಿಯಾ ತಗುಲಿದ ಕೆಂಪು ಕಣಗಳೂ ಮೆದುಳಿನ ಸಣ್ಣ ನಾಳಗಳಲ್ಲಿ ಅಂಟಿಕೊಳ್ಳಲು ಇದನ್ನು ಬಳಸುತ್ತವೆ.

## ಮನೆ, ಮಗು, ಆಸ್ಪತ್ರೆ

ತಿಂಗಳಾಗ್ತಾ ಬಂತು, ಮಗೂದು ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿಲ್ಲ. ಹೆದರಬೇಕಾ ಮೇಡಂ?

ಹೆದರಬೇಡಿ, ಸುಮ್ಮನೆ ಕೂರಲೂ ಬೇಡಿ. ಸಾಮಾನ್ಯವಾಗಿ ಬಳ್ಳಿ ಒಂದೆರಡು ವಾರದಲ್ಲಿ ಒಣಗಿ ಬೀಳುತ್ತದೆ. ಸಿಸೇರಿಯನ್ ಆಗಿದ್ದರೆ, ಮಗು ತಿಂಗಳು ತುಂಬದೆ ಹುಟ್ಟಿದ್ದರೆ, ಬಳ್ಳಿಗೆ ದಿನಾ ಆಂಟಿಸೆಪ್ಟಿಕ್ ಹಚ್ಚುತ್ತಿದ್ದರೆ ಇನ್ನಷ್ಟು ತಡವಾಗುವುದುಂಟು, ಅವರಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ.

ಮೂವತ್ತು ದಿನ ದಾಟಿದರೆ ಮಾತ್ರ ರಕ್ತ ಪರೀಕ್ಷೆ ಮಾಡಿಸದೆ ಬಿಡಬಾರದು. ಬಳ್ಳಿ ಕಳಚಿ ಬೀಳಲು ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಬರಲೇಬೇಕು. ಸಿಡಿ18 ಎಂಬ ಇಂಟೆಗ್ರಿನ್ ಭಾಗ ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ಅವು ಬರುವುದಿಲ್ಲ. ಬಿಳಿ ಕಣ ಅಂಟಿಕೊಳ್ಳಲಾಗದ ಈ ಕಾಯಿಲೆಯನ್ನು ಲ್ಯಾಡ್-1 ಎನ್ನುತ್ತಾರೆ. ಬಳ್ಳಿಯ ಬುಡ ಕೆಂಪಾಗಿ ಊದಿಕೊಂಡಿದ್ದರೂ ಕೀವು ಇರುವುದಿಲ್ಲ; ನಮ್ಮ ದೃಷ್ಟಿಯಲ್ಲಿ ಇದು ಬಳ್ಳಿ ತಡವಾಗುವುದಕ್ಕಿಂತ ದೊಡ್ಡ ಸುಳಿವು. ಕೀವು ಎಂದರೆ ಬಂದು ಸತ್ತ ನ್ಯೂಟ್ರೋಫಿಲ್‌ಗಳ ರಾಶಿ ತಾನೆ, ಅವು ಬರದಿದ್ದ ಮೇಲೆ ಕೀವು ಎಲ್ಲಿಂದ? ಅದೇ ಹೊತ್ತಿಗೆ ರಕ್ತದಲ್ಲಿ ಬಿಳಿ ಕಣ ತೀರಾ ಹೆಚ್ಚಿರುತ್ತದೆ, ಸೋಂಕಾದಾಗ ಮೈಕ್ರೋಲೀಟರಿಗೆ ಒಂದು ಲಕ್ಷ ದಾಟುವುದೂ ಉಂಟು. ರಕ್ತದ ಕ್ಯಾನ್ಸರ್ ಇರಬಹುದೆಂದು ಮನೆಯವರು ಗಾಬರಿಯಾಗುವುದು ಇಲ್ಲೇ. ಹುಟ್ಟಿದ ದಿನ ಮಗುವಿಗೆ ಮೂವತ್ತು ಸಾವಿರದವರೆಗೆ ಇರುವುದು ಸಹಜ ಎಂಬುದನ್ನೂ ಮರೆಯಬಾರದು; ನೋಡಬೇಕಾದ್ದು ವಾರ ಕಳೆದ ಮೇಲೂ ಇಳಿಯದ ಲೆಕ್ಕವನ್ನು.

ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರೆ. 21 ಮತ್ತು 28ನೇ ದಿನದ ಭೇಟಿಯಲ್ಲಿ ಬಳ್ಳಿ ಬಿತ್ತೇ, ಬುಡದಲ್ಲಿ ಕೆಂಪಿದೆಯೇ, ಕೀವಿದೆಯೇ ಎಂದು ಬೆಳಕಿನಲ್ಲಿ ನೋಡಿ ಬರೆದುಕೊಂಡರೆ ಮಗುವಿನ ಜೀವ ಉಳಿಯಬಹುದು. ತೀವ್ರ ರೂಪದ ಲ್ಯಾಡ್-1ಕ್ಕೆ ಅಸ್ಥಿಮಜ್ಜೆ ಕಸಿ ಆಗದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ಕಾಣುವುದಿಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಅಸ್ಥಿಮಜ್ಜೆ ಕಸಿಯಿಂದ ವಾಸಿಯಾಗುವ ರೋಗನಿರೋಧಕ ಕೊರತೆಗಳಿಗೆ ಜಾಗವಿದೆ. ನೆರವು ಸಿಗುವುದೇ ಎಂದು ಕಸಿಯ ಮಾತು ಬಂದ ದಿನವೇ ವಿಚಾರಿಸಿ.

ನಮ್ಮಲ್ಲಿ ಅಕ್ಕನ ಮಗಳನ್ನೇ ತಂದುಕೊಳ್ಳೋದು ವಾಡಿಕೆ. ಮೊದಲ ಮಗು ಹೀಗೇ ಸೋಂಕಾಗಿ ಹೋಯ್ತು, ಎರಡನೇದಕ್ಕೂ ಬರುತ್ತಾ?

ಲ್ಯಾಡ್-1 ಬರಲು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಜೀನ್ ಪ್ರತಿಗಳು ಕೆಟ್ಟಿರಬೇಕು. ಒಂದೇ ಕೆಟ್ಟಿದ್ದರೆ ಆರೋಗ್ಯಕ್ಕೆ ಏನೂ ತೊಂದರೆಯಿಲ್ಲ, ಅದಕ್ಕೇ ಮನೆಯಲ್ಲಿ ಯಾರಿಗೂ ಸುಳಿವು ಇರುವುದಿಲ್ಲ. ಒಳಸಂಬಂಧದಲ್ಲಿ ಇಬ್ಬರಿಗೂ ಒಬ್ಬ ಹಿರಿಯರಿಂದ ಅದೇ ಪ್ರತಿ ಬಂದಿರುವ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗುವಿಗೆ ಬಂತೆಂದು ಎರಡನೆಯದಕ್ಕೆ ಕಡಿಮೆಯೂ ಆಗದು, ಹೆಚ್ಚೂ ಆಗದು. ಹೋದ ಮಗುವಿನ ರಿಪೋರ್ಟುಗಳನ್ನು ದಯವಿಟ್ಟು ಎಸೆಯಬೇಡಿ. ಸಿಡಿ18 ತಯಾರಿಸುವ ಐಟಿಜಿಬಿ2 ಜೀನಿನಲ್ಲಿ ಯಾವ ತಪ್ಪು ಎಂದು ಗೊತ್ತಾದರೆ ಮುಂದಿನ ಬಸಿರಿನ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಬಹುದು. ಇದು ಯಾರ ತಪ್ಪೂ ಅಲ್ಲ. ತಾಯಿಯ ಮೇಲೆ ದೂರು ಹೊರಿಸುವವರಿಗೆ ಇದನ್ನು ಹೇಳಿ.

ಸಿಡಿ18 ಪರೀಕ್ಷೆಗೆ ರಕ್ತ ಬೆಂಗಳೂರಿಗೆ ಕಳಿಸಬೇಕು. ಐಸ್ ಹಾಕಿ ಕಳಿಸಲಾ?

ಐಸ್ ಬೇಡ. ಇದು ಜೀವಂತ ಕಣಗಳ ಮೇಲೆ ಫ್ಲೋ ಸೈಟೋಮೀಟರಿನಲ್ಲಿ (ಕಣಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಹಾಯಿಸಿ ಅಳೆಯುವ ಯಂತ್ರ) ಮಾಡುವ ಪರೀಕ್ಷೆ. ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿನಲ್ಲಿ 1ರಿಂದ 2 ಮಿ.ಲೀ. ರಕ್ತ ತೆಗೆದು, ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ, 18ರಿಂದ 25 ಡಿಗ್ರಿಯಲ್ಲಿ ಇಟ್ಟು, 24 ಗಂಟೆಯೊಳಗೆ ಮುಟ್ಟಿಸಬೇಕು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಬೆಂಗಳೂರಿಗೆ ಎರಡು-ಮೂರು ಗಂಟೆಯ ದಾರಿ, ಹಾಗಾಗಿ ಹೊತ್ತಿಗಿಂತ ಬಿಸಿಲಿನದೇ ತೊಂದರೆ. ಏಪ್ರಿಲ್ ತಿಂಗಳಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಟ್ಯೂಬ್ ಇಟ್ಟರೆ ನ್ಯೂಟ್ರೋಫಿಲ್‌ಗಳು ಉಳಿಯುವುದಿಲ್ಲ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಇಲ್ಲದೆ, ಹತ್ತಿಯ ನಡುವೆ ಇಡಿ. ಜೊತೆಯಲ್ಲೇ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಹೊತ್ತಿಗೆ ತೆಗೆದು ಅದೇ ಡಬ್ಬಿಯಲ್ಲಿ ಕಳಿಸಿ. ದಾರಿಯಲ್ಲಿ ಕಣ ಕೆಟ್ಟಿದ್ದರೆ ಎರಡೂ ಟ್ಯೂಬಿನಲ್ಲಿ ಕಾಣುತ್ತದೆ. ಈ ಒಂದು ಟ್ಯೂಬ್ ಇಲ್ಲದೆ ಬಂದ ವರದಿಯನ್ನು ನಂಬುವುದು ಕಷ್ಟ.

ವರದಿಯಲ್ಲಿ ಸಿಡಿ18 ಸಹಜದ ಶೇ 2ಕ್ಕಿಂತ ಕಡಿಮೆ ಎಂದಿದ್ದರೆ ತೀವ್ರ ರೂಪ, ಶೇ 2ರಿಂದ 30 ಇದ್ದರೆ ಮಧ್ಯಮ. ಮಧ್ಯಮ ರೂಪದವರು ದೊಡ್ಡವರಾಗುತ್ತಾರೆ, ಆದರೆ ಒಸಡು ಸವೆದು ಚಿಕ್ಕ ವಯಸ್ಸಿಗೇ ಹಲ್ಲು ಉದುರುವುದು, ಗಾಯ ಬೇಗ ಮಾಯದಿರುವುದು ಕಾಡುತ್ತದೆ. ಸಿಡಿ18 ಪೂರ್ತಿ ಇದ್ದೂ ಇದೇ ಲಕ್ಷಣದ ಜೊತೆ ರಕ್ತಸ್ರಾವವೂ ಇದ್ದರೆ ಇಂಟೆಗ್ರಿನ್ ತೆರೆಯಲು ಬೇಕಾದ ಕಿಂಡ್ಲಿನ್-3 ಪ್ರೋಟೀನಿನ ಕೊರತೆಯನ್ನು, ಅಂದರೆ ಲ್ಯಾಡ್-3ನ್ನು, ಹುಡುಕಬೇಕು.

ನಮ್ಮ ಯಜಮಾನ್ರದ್ದು ಬಾಂಬೆ ಬ್ಲಡ್ ಗ್ರೂಪ್. ಈ ಕಾಯಿಲೇಲೂ ಅದೇ ಗ್ರೂಪ್ ಅಂತ ಕೇಳಿದ್ವಿ, ಅವ್ರಿಗೂ ಬರುತ್ತಾ?

ಬರುವುದಿಲ್ಲ. 1952ರಲ್ಲಿ ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ಈ ಗುಂಪಿನವರಲ್ಲಿ ಕೆಂಪು ಕಣದ ಎಚ್ ಸಕ್ಕರೆ ಇರುವುದಿಲ್ಲ, ಬಿಳಿ ಕಣದ ಸಕ್ಕರೆಗಳು ಸರಿಯಾಗಿಯೇ ಇರುತ್ತವೆ. ನೀವು ಕೇಳಿದ ಕಾಯಿಲೆ ಲ್ಯಾಡ್-1ರದೇ ಗುಂಪಿನ ಲ್ಯಾಡ್-2; ಅದರಲ್ಲಿ ಫ್ಯೂಕೋಸ್ ಸಕ್ಕರೆಯನ್ನು ಕೋಶದೊಳಗೆ ಸಾಗಿಸುವ ಪ್ರೋಟೀನೇ ಕೆಟ್ಟಿರುವುದರಿಂದ ಎಚ್ ಕೂಡ ಇಲ್ಲ, ಸೆಲೆಕ್ಟಿನ್ ಹಿಡಿಯುವ ಸಕ್ಕರೆಯೂ ಇಲ್ಲ, ಮಗುವಿನ ಬುದ್ಧಿ-ಬೆಳವಣಿಗೆಯೂ ಕುಂಠಿತ. ನಿಮ್ಮ ಯಜಮಾನರು ಎಚ್ಚರ ವಹಿಸಬೇಕಾದ್ದು ರಕ್ತ ಪಡೆಯುವಾಗ: ಅವರಿಗೆ ಓ ಗುಂಪಿನ ರಕ್ತವೂ ಆಗದು, ಬಾಂಬೆ ಗುಂಪಿನದೇ ಬೇಕು.

ಡೆಕ್ಸಾ ಇಂಜೆಕ್ಷನ್ ಆದ ಮೇಲೆ ಬಿಳಿ ಕಣ ಒಂಬತ್ತು ಸಾವಿರದಿಂದ ಹದಿನಾರಕ್ಕೆ ಹೋಯ್ತು. ಸೋಂಕು ಜಾಸ್ತಿ ಆಯ್ತಾ?

ಆಗಿರಲೇಬೇಕೆಂದಿಲ್ಲ. ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ನಾಳದ ಗೋಡೆಗೆ ಒರಗಿಕೊಂಡಿರುತ್ತವೆ, ಸೂಜಿಗೆ ಸಿಗುವುದಿಲ್ಲ. ಡೆಕ್ಸಾದಂಥ ಸ್ಟೀರಾಯ್ಡ್ ಬಿದ್ದ ಕೆಲವು ಗಂಟೆಗಳಲ್ಲಿ ಅವುಗಳ ಎಲ್-ಸೆಲೆಕ್ಟಿನ್ ಕಡಿಮೆಯಾಗಿ ಗೋಡೆ ಬಿಟ್ಟು ಹರಿವಿಗೆ ಬರುತ್ತವೆ, ಮಜ್ಜೆಯಿಂದಲೂ ಹೊಸವು ಇಳಿಯುತ್ತವೆ. ಜ್ವರ, ನಾಡಿ, ರೋಗಿಯ ಸ್ಥಿತಿ ನೋಡಿ. ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಹರಡಿದ ರಕ್ತದಲ್ಲಿ) ಎಳೆಯ ಬ್ಯಾಂಡ್ ಕಣಗಳು ಹೆಚ್ಚಿದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡ್ತೀವಿ. ಕೆಲಸಕ್ಕೆ ಹೋದ ದಿನ ರಾತ್ರಿ ಉಬ್ಬಸ ಬರುತ್ತೆ, ಅಲ್ಲೇ ಇರುವಾಗ ಅಷ್ಟಿರಲ್ಲ. ಯಾಕೆ?

ಉಬ್ಬಸಕ್ಕೆ ಎರಡು ಅಲೆಗಳಿವೆ. ಮೊದಲನೆಯದು ಅಲರ್ಜಿ ಪ್ರೋಟೀನು ಉಸಿರಿಗೆ ಹೋದ ನಿಮಿಷಗಳಲ್ಲಿ ಬರುವ ಬಿಗಿತ, ಅದು ಹಿಸ್ಟಮಿನ್‌ನಿಂದ. ಎರಡನೆಯದು ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಇಂಟರ್‌ಲ್ಯೂಕಿನ್-4 ಮತ್ತು 13 ಶ್ವಾಸನಾಳದ ರಕ್ತನಾಳಗಳಲ್ಲಿ ವಿಕ್ಯಾಮ್-1ನ್ನು ಏರಿಸಿರುತ್ತವೆ, ವಿಎಲ್‌ಎ-4 ಇರುವ ಇಯೋಸಿನೋಫಿಲ್ ಎಂಬ ಅಲರ್ಜಿಯ ಬಿಳಿ ಕಣಗಳು ಬಂದು ಅಲ್ಲಿ ಇಳಿಯುತ್ತವೆ. ರೇಷ್ಮೆಯ ಗೋಂದು, ಅಂದರೆ ಸೆರಿಸಿನ್, ಗೂಡು ಬೇಯಿಸುವ ಆವಿಯಲ್ಲೂ ಧೂಳಿನಲ್ಲೂ ಸೇರಿರುತ್ತದೆ. ಬೇಯಿಸುವ ಜಾಗದ ಮೇಲೆ ಆವಿ ಹೊರಹೋಗುವ ಫ್ಯಾನ್ ಹಾಕಿಸಿ, ಕಸ ಒಣಗಿದಾಗ ಗುಡಿಸದೆ ಒದ್ದೆ ಮಾಡಿ ತೆಗೆಯಿರಿ, ಎನ್95 ಮಾಸ್ಕ್ ಕಟ್ಟಿ. ವೈದ್ಯರು ದಿನಾ ಎಳೆಯಲು ಕೊಡುವ ಸ್ಟೀರಾಯ್ಡ್ ಇನ್‌ಹೇಲರ್ ಈ ಎರಡನೇ ಅಲೆಯನ್ನು ತಗ್ಗಿಸುತ್ತದೆ. ಉಬ್ಬಸ ಬಂದಾಗ ಮಾತ್ರ ಎಳೆದರೆ ಆ ಉಪಯೋಗ ಸಿಗದು.

## ಔಷಧ ಮತ್ತು ಮನೆಮದ್ದು

ಊತಕ್ಕೆಲ್ಲ ಈ ಅಂಟೇ ಕಾರಣ ಅಂದ್ರೆ, ಅದನ್ನ ಬಿಡಿಸೋ ಔಷಧಿ ಕೊಟ್ಟುಬಿಟ್ರೆ ಆಗಲ್ವಾ?

ಕೊಟ್ಟು ನೋಡಿದ್ದಾರೆ, ಪಾಠವನ್ನೂ ಕಲಿತಿದ್ದಾರೆ. ವಿಎಲ್‌ಎ-4ನ್ನು ತಡೆಯುವ ನಟಾಲಿಜುಮ್ಯಾಬ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2004ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. 2005ರ ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಲಿಂಫೋಸೈಟು ಎಂಬ ಬಿಳಿ ಕಣಗಳು ಮೆದುಳಿಗೆ ಕಾವಲು ಹೋಗುವುದೂ ನಿಂತಿದ್ದರಿಂದ ಕೆಲವರಲ್ಲಿ ಜೆಸಿ ವೈರಸ್ ಎದ್ದು ಪಿಎಂಎಲ್ ಎಂಬ ಮಾರಕ ಮೆದುಳು ರೋಗ ತಂದಿತ್ತು. 2006ರಲ್ಲಿ ಕಟ್ಟುನಿಟ್ಟಿನ ನಿಗಾ ಜೊತೆ ಮರಳಿ ಬಂತು, ಈಗ ಜೆಸಿ ವೈರಸ್ ಪ್ರತಿಕಾಯ ನೋಡಿ ಅಪಾಯ ಅಳೆಯುತ್ತಾರೆ. ಸೋರಿಯಾಸಿಸ್‌ಗೆಂದು ಎಲ್‌ಎಫ್‌ಎ-1ನ್ನು ತಡೆಯುತ್ತಿದ್ದ ಎಫಾಲಿಜುಮ್ಯಾಬ್ ಇದೇ ಕಾರಣಕ್ಕೆ 2009ರಲ್ಲಿ ಹೋದದ್ದು ಹೋಯಿತು.

ಗೆದ್ದವು ಜಾಗ ಆರಿಸಿಕೊಂಡ ಔಷಧಗಳು. 2014ರಲ್ಲಿ ಬಂದ ವೆಡೋಲಿಜುಮ್ಯಾಬ್ ಆಲ್ಫಾ-4 ಬೀಟಾ-7ನ್ನು ಮಾತ್ರ ಹಿಡಿಯುವುದರಿಂದ ಕರುಳಿನ ಉರಿಯೂತ ತಗ್ಗುತ್ತದೆ, ಮೆದುಳಿನ ಕಾವಲು ಹಾಗೇ ಉಳಿಯುತ್ತದೆ. ಒಣಗಣ್ಣಿಗೆ ಬಿಡುವ ಲಿಫಿಟೆಗ್ರಾಸ್ಟ್ ಹನಿಯೂ ಎಲ್‌ಎಫ್‌ಎ-1ನ್ನೇ ತಡೆಯುತ್ತದೆ, ಆದರೆ ಕಣ್ಣಿನಲ್ಲಷ್ಟೆ. ಅಣು ಒಂದೇ, ತಡೆಯುವ ಜಾಗ ಬೇರೆಯಾದ್ದರಿಂದ ಫಲವೂ ಬೇರೆ.

ಅರಿಶಿನ ಈ ಅಣುಗಳನ್ನ ಕಡಿಮೆ ಮಾಡುತ್ತೆ ಅಂತ ಪೇಪರ್ ಓದಿದ್ವಿ. ಪ್ರಾಜೆಕ್ಟ್ ಮಾಡ್ಬಹುದಾ?

ಮಾಡಬಹುದು, ಹುಷಾರಾಗಿ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಅರಿಶಿನದ ಕುರ್ಕುಮಿನ್ ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಸಂದೇಶ ದಾರಿಯನ್ನು ತಡೆದು ಐಕ್ಯಾಮ್-1, ವಿಕ್ಯಾಮ್-1 ತಗ್ಗಿಸುವುದು ನಿಜ. ತಿಂದಾಗ ರಕ್ತಕ್ಕೆ ಸೇರುವುದು ಅತ್ಯಲ್ಪವಾದ್ದರಿಂದ ತಟ್ಟೆಯ ಫಲಿತಾಂಶವನ್ನು ಊಟದ ಸಲಹೆಯಾಗಿ ಬರೆಯಬಾರದು.

ಗಿಡಮೂಲಿಕೆ ಸಾರಗಳ ಪ್ರಾಜೆಕ್ಟು ಸೋಲುವ ಕಡೆಗಳು ಗೊತ್ತಿರುವಂಥವೇ. ಸಾರ ಕೋಶಗಳನ್ನು ಕೊಂದರೂ ಅಂಟುವುದು ಕಡಿಮೆಯಾಗುತ್ತದೆ, ಆದ್ದರಿಂದ ಪ್ರತಿ ಪ್ರಮಾಣಕ್ಕೂ ಕೋಶ ಬದುಕಿದೆಯೇ ಎಂದು ತೋರಿಸುವ ಎಂಟಿಟಿ ಪರೀಕ್ಷೆ ಬೇಕು. ಸಾರ ಕರಗಿಸುವ ಡಿಎಂಎಸ್ಓ ಶೇ 0.1 ಮೀರಬಾರದು, ಕಂಟ್ರೋಲಿಗೂ ಅಷ್ಟೇ ಹಾಕಬೇಕು. ಬೇರಿನ ಸಾರದಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷ ಸೇರಿಕೊಂಡು ತಾನೇ ಇ-ಸೆಲೆಕ್ಟಿನ್ ಏರಿಸಿಬಿಡುತ್ತದೆ, ಆಗ ಸಾರವೇ ಉರಿಯೂತ ತರುತ್ತದೆಂದು ತಪ್ಪು ಓದಿಕೊಳ್ಳುತ್ತೀರಿ; ಎಂಡೋಟಾಕ್ಸಿನ್ ಅಡಗಿಸುವ ಪಾಲಿಮಿಕ್ಸಿನ್-ಬಿ ಹಾಕಿದ ಒಂದು ಸಾಲು ಇದನ್ನು ಬಯಲು ಮಾಡುತ್ತದೆ. ಕುರ್ಕುಮಿನ್‌ಗೆ ತನ್ನದೇ ಹಸಿರು ಹೊಳಪಿದೆ, ಕಣಗಳನ್ನು ಎಣಿಸಲು ಹಾಕುವ ಕ್ಯಾಲ್ಸೀನ್ ಎಂಬ ಹಸಿರು ಬಣ್ಣದ ಓದಿಗೆ ಅಡ್ಡ ಬರುತ್ತದೆ. ಬಣ್ಣ ಹಾಕದ ಬಾವಿಗಳನ್ನು (ತಟ್ಟೆಯ ಗುಳಿಗಳನ್ನು) ಬೇರೆ ಓದಿ ಕಳೆಯಿರಿ, ಇಲ್ಲವೇ ಕೆಂಪು ಬಣ್ಣ ಬಳಸಿ.

## ಪ್ರಯೋಗಾಲಯದಲ್ಲಿ

ಹೊಕ್ಕುಳ ಬಳ್ಳಿಯಿಂದ ಒಳಪದರದ ಕೋಶ ತೆಗೆಯೋದು ಜಿಲ್ಲಾ ಮಟ್ಟದ ಕಾಲೇಜಿನಲ್ಲಿ ಸಾಧ್ಯಾನಾ?

ಹೆರಿಗೆ ಆಸ್ಪತ್ರೆ ಹತ್ತಿರವಿದ್ದರೆ ದೊಡ್ಡ ಊರುಗಳಿಗಿಂತ ಇಲ್ಲೇ ಅನುಕೂಲ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ತಾಯಿಗೆ ಕನ್ನಡದಲ್ಲಿ ಓದಿ ಹೇಳಿದ ಸಮ್ಮತಿ ಪತ್ರ, ಎಚ್‌ಐವಿ ಮತ್ತು ಹೆಪಟೈಟಿಸ್-ಬಿ ವರದಿ, ಇಷ್ಟು ಮೊದಲು. ಕ್ಲಾಂಪ್ ಗುರುತಿಲ್ಲದ 15ರಿಂದ 20 ಸೆಂ.ಮೀ. ತುಂಡನ್ನು ಆಂಟಿಬಯಾಟಿಕ್ ಇರುವ ತಣ್ಣನೆಯ ಬಫರಿನಲ್ಲಿ ತನ್ನಿ. (ಬಳ್ಳಿಗೆ ತಂಪು ಒಳ್ಳೆಯದು, ನ್ಯೂಟ್ರೋಫಿಲ್ ರಕ್ತಕ್ಕೆ ಆಗದು.) ಅಡ್ಡ ಕೊಯ್ದರೆ ಎರಡು ಗಟ್ಟಿ ಗೋಡೆಯ ಅಪಧಮನಿ, ಒಂದು ಅಗಲವಾದ ಸಡಿಲ ಅಭಿಧಮನಿ ಕಾಣುತ್ತದೆ. ಆ ಅಭಿಧಮನಿಗೆ ತೂಬು ಹಾಕಿ, ರಕ್ತ ಪೂರ್ತಿ ತೊಳೆದು, ಮಿ.ಲೀ.ಗೆ 1 ಮಿ.ಗ್ರಾಂ. ಕೊಲಾಜಿನೇಸ್ (ಕೋಶಗಳನ್ನು ಬಿಡಿಸುವ ಕಿಣ್ವ) ತುಂಬಿ 37 ಡಿಗ್ರಿಯಲ್ಲಿ 10ರಿಂದ 15 ನಿಮಿಷ ಇಡಿ. ಹೆಚ್ಚು ಹೊತ್ತು ಬಿಟ್ಟರೆ ಕೆಳಗಿನ ಸ್ನಾಯು ಕೋಶಗಳೂ ಕಳಚಿ ಬಂದು ವಾರದೊಳಗೆ ತಟ್ಟೆಯನ್ನು ಆಕ್ರಮಿಸುತ್ತವೆ. ಬಳ್ಳಿಯನ್ನು ಬೆರಳಲ್ಲಿ ಮೆಲ್ಲಗೆ ನೀವಿ, ದ್ರವ ಹೊರತೆಗೆದು, 250 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ, ಜೆಲಾಟಿನ್ ಲೇಪಿಸಿದ ಫ್ಲಾಸ್ಕಿಗೆ ಹಾಕಿ, ಮರುದಿನ ಮಾಧ್ಯಮ ಬದಲಿಸಿ. ಎರಡರಿಂದ ಐದನೇ ಪ್ಯಾಸೇಜಿನೊಳಗೆ (ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುವ ಸರದಿ) ಪ್ರಯೋಗ ಮುಗಿಸಿ; ಆಮೇಲೆ ಟಿಎನ್‌ಎಫ್‌ಗೆ ಅವು ಕೊಡುವ ಉತ್ತರ ಮಂಕಾಗುತ್ತದೆ.

ನ್ಯೂಟ್ರೋಫಿಲ್ ಅಂಟಿಸೋ ಪ್ರಯೋಗದಲ್ಲಿ ಒಂದು ದಿನ ಎಲ್ಲಾ ಅಂಟುತ್ತೆ, ಇನ್ನೊಂದು ದಿನ ಏನೂ ಅಂಟಲ್ಲ. ಏನು ತಪ್ಪು?

ಏನೂ ಅಂಟದ ದಿನ ಮೊದಲು ಇಡಿಟಿಎ ಹುಡುಕಿ. ಸೆಲೆಕ್ಟಿನ್‌ಗೆ ಕ್ಯಾಲ್ಸಿಯಂ, ಇಂಟೆಗ್ರಿನ್‌ಗೆ ಮೆಗ್ನೀಸಿಯಂ ಇಲ್ಲದೆ ಹಿಡಿತವೇ ಇಲ್ಲ. ತೊಳೆಯುವ ಬಫರಿನಿಂದ ಉಳಿದ ಇಡಿಟಿಎ ಎರಡನ್ನೂ ನುಂಗುತ್ತದೆ. ಪ್ರಯೋಗಕ್ಕೆ ಸ್ವಲ್ಪ ಮೊದಲು ಎರಡನ್ನೂ 1 ಮಿಲಿಮೋಲಾರ್‌ಗೆ ತನ್ನಿ. ಎರಡನೆಯ ಕಾರಣ ಹೊತ್ತು: ಟಿಎನ್‌ಎಫ್ ಮಿ.ಲೀ.ಗೆ 10 ನ್ಯಾನೊಗ್ರಾಂ ಹಾಕಿ 4ರಿಂದ 6 ಗಂಟೆಗೆ ನೋಡಿದರೆ ಇ-ಸೆಲೆಕ್ಟಿನ್ ತುದಿಯಲ್ಲಿರುತ್ತದೆ. ರಾತ್ರಿ ಹಾಕಿ ಮರುದಿನ ನೋಡಿದರೆ ಅದು ಇಳಿದು ಐಕ್ಯಾಮ್-1 ಉಳಿದಿರುತ್ತದೆ.

ಎಲ್ಲವೂ ಅಂಟುವ ದಿನ ಕಣಗಳು ದಾರಿಯಲ್ಲೇ ಕೆರಳಿವೆ ಎಂದರ್ಥ. ಗಾಜಿನ ಟ್ಯೂಬು, ವೋರ್ಟೆಕ್ಸ್, ಕೆಂಪು ಕಣ ಒಡೆಯುವಾಗ ಹೊತ್ತು ಮೀರುವುದು, ಹಳೆಯ ಬಫರಿನಲ್ಲಿ ಎಂಡೋಟಾಕ್ಸಿನ್, ಇವೇ ಸಾಮಾನ್ಯ ಕಾರಣಗಳು. ಪಾಲಿಪ್ರೊಪಿಲೀನ್ ಟ್ಯೂಬಿನಲ್ಲಿ ಇಟ್ಟು ನಾಲ್ಕು ಗಂಟೆಯೊಳಗೆ ಬಳಸಿ. ಪ್ರತಿ ತಟ್ಟೆಯಲ್ಲೂ ಮೂರು ಸಾಲು ಇರಲೇಬೇಕು: ಟಿಎನ್‌ಎಫ್ ಇಲ್ಲದ್ದು, 1 ಮಿಲಿಮೋಲಾರ್ ಮ್ಯಾಂಗನೀಸ್‌ನಿಂದ ಇಂಟೆಗ್ರಿನ್ ಬಲವಂತವಾಗಿ ತೆರೆದದ್ದು, ಸಿಡಿ18 ತಡೆಯುವ ಪ್ರತಿಕಾಯ ಹಾಕಿದ್ದು. ಮೂರನೆಯದರಲ್ಲೂ ಅಂಟಿದ್ದರೆ ನೀವು ಅಳೆಯುತ್ತಿರುವುದು ಇಂಟೆಗ್ರಿನ್ ಹಿಡಿತವಲ್ಲ.

ರೋಗಿಗಳ ಸೀರಮ್‌ನಲ್ಲಿ ಕರಗಿದ ಪಿ-ಸೆಲೆಕ್ಟಿನ್ ಅಳೆದ್ವಿ, ಎಲ್ಲರಿಗೂ ಜಾಸ್ತಿ ಬಂತು.

ಸೀರಮ್ ತೆಗೆಯಲು ರಕ್ತ ಹೆಪ್ಪುಗಟ್ಟಿಸಿದಿರಿ, ಆಗ ಪ್ಲೇಟ್‌ಲೆಟ್‌ಗಳು ತಮ್ಮ ಪಿ-ಸೆಲೆಕ್ಟಿನ್ ಸುರಿದವು. ಸಿಟ್ರೇಟ್ ಪ್ಲಾಸ್ಮಾ ಬಳಸಿ, ಪ್ಲೇಟ್‌ಲೆಟ್ ಉಳಿಯದಂತೆ ಎರಡು ಸಲ ತಿರುಗಿಸಿ. ಕರಗಿದ ಐಕ್ಯಾಮ್-1ಕ್ಕೆ ಸೀರಮ್ ಆದೀತು. ಆದರೂ ಅದು ಡೆಂಗ್ಯೂ, ಕ್ಷಯ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಎಲ್ಲದರಲ್ಲೂ ಏರುತ್ತದೆ, ಅದೊಂದರಿಂದಲೇ ರೋಗ ನಿರ್ಣಯ ಮಾಡಲಾಗದು.

## ಇನ್ನೂ ಆಳಕ್ಕೆ

ಫ್ಲೋ ಚೇಂಬರಿಗೆ ಪಂಪ್ ಎಷ್ಟಕ್ಕೆ ಇಡಬೇಕು?

ಫ್ಲೋ ಚೇಂಬರ್ ಎಂದರೆ ಕೋಶಗಳ ಮೇಲೆ ಪಂಪಿನಿಂದ ದ್ರವ ಹರಿಸುವ ತೆಳು ಚಾನೆಲ್. ಸಣ್ಣ ಅಭಿಧಮನಿಯ ಹರಿವನ್ನು ಅನುಕರಿಸಲು ಚದರ ಸೆಂ.ಮೀ.ಗೆ 1 ಡೈನ್ ಆಸುಪಾಸಿನ ಒತ್ತು (ಹರಿವು ಗೋಡೆಯನ್ನು ಉಜ್ಜುವ ಬಲ) ಸಾಕು. ಸೂತ್ರ ಹೀಗೆ: ಒತ್ತು = 6 × ಸ್ನಿಗ್ಧತೆ × ಹರಿವು ÷ (ಅಗಲ × ಎತ್ತರದ ವರ್ಗ). ಚಾನೆಲ್ ಅಗಲ 0.5 ಸೆಂ.ಮೀ., ಎತ್ತರ 0.04 ಸೆಂ.ಮೀ., 37 ಡಿಗ್ರಿಯಲ್ಲಿ ಮಾಧ್ಯಮದ ಸ್ನಿಗ್ಧತೆ 0.007 ಪಾಯ್ಸ್ ಎಂದಿಟ್ಟರೆ ನಿಮಿಷಕ್ಕೆ ಸುಮಾರು 1.1 ಮಿ.ಲೀ. ಬರುತ್ತದೆ. ಎತ್ತರ ವರ್ಗದಲ್ಲಿರುವುದರಿಂದ ಗ್ಯಾಸ್ಕೆಟ್ ಕೊಂಚ ಅದುಮಿದರೂ ಒತ್ತು ಬಹಳ ಬದಲಾಗುತ್ತದೆ. ಮಾಧ್ಯಮವನ್ನು ಮೊದಲೇ 37 ಡಿಗ್ರಿಗೆ ತಂದು ಗಾಳಿ ತೆಗೆಯಿರಿ. ಒಂದೇ ಒಂದು ಗುಳ್ಳೆ ಹಾದುಹೋದರೂ ಒಳಪದರ ಕಿತ್ತುಕೊಂಡು ಬರುತ್ತದೆ.

ಫ್ಲೋ ಸೈಟೋಮೀಟರ್‌ನಲ್ಲಿ ಎಲ್‌ಎಫ್‌ಎ-1 ಎರಡೂ ಗುಂಪಿನಲ್ಲಿ ಸಮ ಇದೆ, ಅಂಟೋದು ಮಾತ್ರ ಬೇರೆ. ಹೇಗೆ ಸಾಧ್ಯ?

ನೀವು ಎಣಿಸಿದ್ದು ಅಣುಗಳನ್ನು, ಅವುಗಳ ಭಂಗಿಯನ್ನಲ್ಲ. ಸುಮ್ಮನಿರುವ ಇಂಟೆಗ್ರಿನ್ ಮಡಚಿಕೊಂಡಿರುತ್ತದೆ. ಒಳಗಿನಿಂದ ಟಾಲಿನ್, ಕಿಂಡ್ಲಿನ್-3 ಎಂಬ ಪ್ರೋಟೀನುಗಳು ಬಂದು ಬೀಟಾ ಬಾಲವನ್ನು ಹಿಡಿದಾಗ ನೆಟ್ಟಗಾಗುತ್ತದೆ, ತಲೆ ತೆರೆದುಕೊಂಡ ಮೇಲೆ ಐಕ್ಯಾಮ್-1ರ ಮೇಲಿನ ಆಸೆ ಸಾವಿರ ಪಟ್ಟಿಗೂ ಹೆಚ್ಚುತ್ತದೆ. ನೆಟ್ಟಗಾದ ಭಂಗಿಗೆ ಕಿಮ್127, ತೆರೆದ ತಲೆಗೆ ಎಂ24 ಎಂಬ ಪ್ರತಿಕಾಯಗಳಿವೆ. ಇವನ್ನು 37 ಡಿಗ್ರಿಯಲ್ಲೇ, ಪ್ರಚೋದಕ ಹಾಕುವಾಗಲೇ ಸೇರಿಸಬೇಕು. ಐಸ್ ಮೇಲಿಟ್ಟು ಬಣ್ಣ ಹಾಕಿದರೆ ಭಂಗಿ ಬದಲಾಗುವ ಅವಕಾಶವೇ ಇರುವುದಿಲ್ಲ.

ಹರಿವು ನಿಲ್ಲಿಸಿದ್ರೆ ಉರುಳ್ತಿದ್ದ ಕಣ ಇನ್ನೂ ಚೆನ್ನಾಗಿ ಅಂಟಬೇಕಲ್ವಾ? ಬಿಟ್ಟು ಹೋಯ್ತು!

ಎಲ್-ಸೆಲೆಕ್ಟಿನ್ ಮೇಲೆ ಉರುಳುತ್ತಿದ್ದರೆ ಹಾಗೇ ಆಗುತ್ತದೆ, ನಿಮ್ಮ ಚೇಂಬರ್ ಕೆಟ್ಟಿಲ್ಲ. ಸೆಲೆಕ್ಟಿನ್ ಕೊಂಡಿಗಳು ಒಂದು ಮಿತಿಯವರೆಗೆ ಎಳೆದಷ್ಟೂ ಹೆಚ್ಚು ಹೊತ್ತು ಬಾಳುತ್ತವೆ, ಆ ಮಿತಿ ದಾಟಿದರೆ ಬೇಗ ಬಿಡುತ್ತವೆ. 2003ರಲ್ಲಿ ಪಿ-ಸೆಲೆಕ್ಟಿನ್‌ನ ಒಂಟಿ ಅಣುಗಳನ್ನು ಎಳೆದು ಅಳೆದು ಇದನ್ನು ತೋರಿಸಿದರು. ಹರಿವಿನ ಎಳೆತ ಒಂದು ಮಟ್ಟಕ್ಕಿಂತ ಇಳಿದಾಗ ಎಲ್-ಸೆಲೆಕ್ಟಿನ್ ಕೊಂಡಿ ಬಾಳುವುದಿಲ್ಲ. ಪಂಪನ್ನು ಒಮ್ಮೆಲೇ ನಿಲ್ಲಿಸುವ ಬದಲು ಚದರ ಸೆಂ.ಮೀ.ಗೆ 0.2, 0.5, 1, 2 ಡೈನ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಒಂದು ನಿಮಿಷ ವಿಡಿಯೋ ತೆಗೆದರೆ ಯಾವ ಒತ್ತಿನಲ್ಲಿ ಕಣಗಳು ಹಿಡಿಯತೊಡಗುತ್ತವೆ ಎಂಬುದು ಪರದೆಯ ಮೇಲೆ ಕಾಣುತ್ತದೆ.